ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಡೀಸೆಲ್ ಕಾರು: ಪಂಪ್ ಬಿಚ್ಚುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನನ್ನದು 2012ರ ಮಾದರಿಯ ಟರ್ಬೊ ಡೀಸೆಲ್ ಕಾರು, ಕಾಮನ್ ರೈಲ್ ಇಂಜಿನ್. 1,68,000 ಕಿಲೋಮೀಟರ್ ಓಡಿದೆ. ಊರು ಸೇಡಂ ತಾಲ್ಲೂಕಿನ ಹಳ್ಳಿ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಕಲಬುರಗಿ ತಲುಪಿ, ಹತ್ತು ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಹದಿನೈದು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಂತೂ ಬಾನೆಟ್ ತೆರೆದಿಟ್ಟು ಅರ್ಧ ಗಂಟೆ ಕಾಯಬೇಕು. ಇನ್ನೊಂದು ತೊಂದರೆ, ಹುಮನಾಬಾದ್ ಕಡೆಗೆ ಏರಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋದರೆ ಇಂಜಿನ್ ದೀಪ ಹತ್ತಿ ಪಿಕಪ್ ಸತ್ತೇ ಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಕಪ್ಪು ಹೊಗೆ ಇಲ್ಲ. ಸ್ಕ್ಯಾನರ್‌ನಲ್ಲಿ ಪಿ0087 ಎಂಬ ಕೋಡ್ ಬಂದಿದೆ. ಒಬ್ಬ ಮೆಕ್ಯಾನಿಕ್ ಪಂಪ್ ಮತ್ತು ನಾಲ್ಕೂ ಇಂಜೆಕ್ಟರ್ ಬದಲಿಸಬೇಕು, 80,000 ರೂಪಾಯಿ ಆಗುತ್ತದೆ ಎಂದರು. ಇನ್ನೊಬ್ಬರು ಟರ್ಬೊ ಹೋಗಿದೆ ಎಂದರು. ಮೂರನೆಯವರು ಹೊಸ ಡೀಸೆಲ್‌ನಿಂದಲೇ ಹೀಗಾಗಿದೆ, ಪ್ರತಿ ಟ್ಯಾಂಕಿಗೆ 2ಟಿ ಆಯಿಲ್ ಹಾಕಿ ಎಂದರು. ಯಾರನ್ನು ನಂಬಲಿ? ಇಷ್ಟು ಹಣ ಹಾಕುವುದಕ್ಕಿಂತ ಮಾರಿಬಿಡುವುದು ಒಳ್ಳೆಯದೇ? ಹೇಳುವುದು ಮರೆತೆ, ಹೊಲದ ಟ್ರ್ಯಾಕ್ಟರ್‌ಗೆಂದು ಮನೆಯಲ್ಲಿ ಡ್ರಮ್‌ನಲ್ಲಿ ಡೀಸೆಲ್ ಇಟ್ಟಿರುತ್ತೇವೆ, ಒಮ್ಮೊಮ್ಮೆ ಕಾರಿಗೂ ಅದನ್ನೇ ಹಾಕುತ್ತೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಮಾತು ಕೊನೆಯ ಸಾಲಿನಲ್ಲಿದೆ. ಆ ಡ್ರಮ್‌ನ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು, ಮೂವರು ಮೂರು ರೋಗ ಹೇಳಿದರೂ ಒಬ್ಬರೂ ಒತ್ತಡವನ್ನು ಅಳೆದಂತೆ ಕಾಣುವುದಿಲ್ಲ. ಅಳೆಯದೆ ಹೇಳಿದ್ದಕ್ಕೆ 80,000 ರೂಪಾಯಿ ಕೊಡಬೇಡಿ. ಕೊನೆಗೆ ಪಂಪ್ ಕೆಟ್ಟಿದೆ ಎಂದೇ ತಿಳಿದುಬರಬಹುದು. ಆದರೆ ಅದು ಅಳತೆಯಿಂದ ತಿಳಿಯಬೇಕು.

ಪಿ0087 ಎಂದರೆ ರೈಲ್‌ನಲ್ಲಿ ಇರಬೇಕಾದಷ್ಟು ಒತ್ತಡ ಇಲ್ಲ ಎಂದಷ್ಟೇ ಅರ್ಥ. ಪಂಪ್ ಕೆಟ್ಟಿದೆ ಎಂದು ಆ ಕೋಡ್ ಹೇಳುವುದಿಲ್ಲ. ರೈಲ್ ಎಂಬುದು ಸಿಲಿಂಡರ್‌ಗಳಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್‌ಗಳಿಗೆ ಒಂದೇ ಉಗ್ರಾಣವಾಗಿರುವ ದಪ್ಪ ಉಕ್ಕಿನ ಕೊಳವೆ, ಪಂಪ್ ಡೀಸೆಲ್ಲನ್ನು ಒತ್ತಿ ತುಂಬುವುದು ಇದರೊಳಗೆ. ನಿಮ್ಮ ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ 2 ಬಾರ್‌ಗಿಂತ ತುಸು ಹೆಚ್ಚು. ಈ ಕೊಳವೆಯಲ್ಲಿ ಇಂಜಿನ್ ಸುಮ್ಮನೆ ನಿಂತು ಓಡುತ್ತಿರುವಾಗಲೇ 250ರಿಂದ 300 ಬಾರ್ ಇರುತ್ತದೆ, ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ನಿಮ್ಮ ಕಾಲದ ಇಂಜಿನ್‌ಗಳಲ್ಲಿ 1,600 ಬಾರ್‌ವರೆಗೂ ಹೋಗುತ್ತದೆ. ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ 1,200 ಬಾರ್ ಕೇಳಿದಾಗ ಒತ್ತಡದ ಸೆನ್ಸರ್ 900 ಎಂದು ವರದಿ ಕೊಟ್ಟರೆ, ಕಂಪ್ಯೂಟರ್ ದೀಪ ಹತ್ತಿಸಿ ಇಂಜಿನ್ನಿನ ಶಕ್ತಿಯನ್ನು ತಾನಾಗಿಯೇ ತಗ್ಗಿಸುತ್ತದೆ. ಹುಮನಾಬಾದ್ ಏರಿನಲ್ಲಿ ನಿಮಗೆ ಆಗುತ್ತಿರುವುದು ಇದೇ. ಕಲಬುರಗಿಯಿಂದ ಬೀದರ್ ಮುಟ್ಟುವಷ್ಟರಲ್ಲಿ ನೆಲ ಸುಮಾರು 200 ಮೀಟರ್ ಏರುವುದರಿಂದ ಆ ದಾರಿಯಲ್ಲಿ ಇಂಜಿನ್ ಹೆಚ್ಚು ಕೇಳುತ್ತದೆ, ಕೊರತೆ ಅಲ್ಲಿಯೇ ಬಯಲಾಗುತ್ತದೆ.

ಕೀ ಆಫ್ ಮಾಡಿ ಆನ್ ಮಾಡಿದಾಗ ಸರಿಹೋಗುವುದರಿಂದ ಮೋಸ ಹೋಗಬೇಡಿ. ಕಂಪ್ಯೂಟರ್ ಹೊಸದಾಗಿ ಎಣಿಕೆ ಶುರು ಮಾಡಿರುತ್ತದೆ, ಅಷ್ಟೇ. ಬ್ಯಾಟರಿ ತಂತಿ ಬಿಚ್ಚಿ ಹಾಕಿದರೂ ಅದೇ ಆಗುತ್ತದೆ, ಜೊತೆಗೆ ಕೋಡ್ ಬಂದ ಹೊತ್ತಿನ ದಾಖಲೆಯೂ ಅಳಿಸಿಹೋಗುತ್ತದೆ. ಆ ದಾಖಲೆ ನಮಗೆ ಬೇಕು.

ಟರ್ಬೊ ಹೋಗಿದೆ ಎಂದವರ ಮಾತನ್ನು ನಿಮ್ಮದೇ ಒಂದು ಪದ ತಳ್ಳಿಹಾಕುತ್ತದೆ. ಕಪ್ಪು ಹೊಗೆ ಇಲ್ಲ ಎಂದಿದ್ದೀರಿ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಸೋತರೆ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಹರಿದರೆ, ಏರ್ ಫಿಲ್ಟರ್ ತುಂಬಿಕೊಂಡರೆ ಸಾಮಾನ್ಯವಾಗಿ ಗಾಳಿ ಕಡಿಮೆಯಾಗಿ ಡೀಸೆಲ್ ಹೆಚ್ಚಾಗುತ್ತದೆ, ಹಿಂದಿನಿಂದ ಕಪ್ಪು ಹೊಗೆ ಉಗುಳುತ್ತದೆ. ಹೊಗೆಯೇ ಇಲ್ಲದೆ ಪಿಕಪ್ ಹೋಗುತ್ತಿದೆ, ಜೊತೆಗೆ ರೈಲ್ ಒತ್ತಡದ ಕೋಡ್ ಬಂದಿದೆ ಎಂದರೆ ಕೊರತೆ ಡೀಸೆಲ್‌ನ ಕಡೆಗಿದೆ. ಟರ್ಬೊ ತಿರುಗುವುದು ಇಂಜಿನ್ ಹೊರಗೆ ಬಿಡುವ ಬಿಸಿ ಗಾಳಿಯಿಂದ. ಡೀಸೆಲ್ ಕಡಿಮೆ ಉರಿದರೆ ಆ ಗಾಳಿಯೂ ಕಡಿಮೆ, ಟರ್ಬೊ ಒತ್ತಡವೂ ಕಡಿಮೆ. ಸ್ಕ್ಯಾನರ್‌ನಲ್ಲಿ ಟರ್ಬೊ ಒತ್ತಡ ಕಮ್ಮಿ ಎಂದು ಕಂಡ ಕೂಡಲೇ ಟರ್ಬೊ ಬದಲಿಸಿದ ಕಾರುಗಳು ಅದೇ ದೋಷ ಹೊತ್ತು ನಮ್ಮ ಶೆಡ್ಡಿಗೆ ಬಂದಿವೆ. ಆ ಮಾಲೀಕರ ಮುಖ ನೋಡುವುದು ಕಷ್ಟ. ಹಾಗೆಂದು ಏರ್ ಫಿಲ್ಟರ್ ಮರೆಯಬೇಡಿ. ಸೇಡಂ, ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಮತ್ತು ಕಲ್ಲಿನ ಧೂಳಿನಲ್ಲಿ ಪುಸ್ತಕದಲ್ಲಿ ಬರೆದ ಅವಧಿಯ ಅರ್ಧಕ್ಕೇ ಅದು ತುಂಬಿರುತ್ತದೆ.

ಹೊಸ ಡೀಸೆಲ್‌ನ ಮಾತು ನಮ್ಮ ಭಾಗದಲ್ಲಿ ಬಹಳ ಹಬ್ಬಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ಡೀಸೆಲ್ ಬಂದಿದೆ, ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿದಿದೆ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಾರುಗುಣ ಕಡಿಮೆಯಾಗುತ್ತದೆ ಎಂಬುದು ನಿಜ. ಆ ಮಾತಿಗೆ ಇರುವ ಬುಡ ಅಷ್ಟೇ. ಕಳೆದುಹೋದ ಜಾರುಗುಣವನ್ನು ತುಂಬುವ ವಸ್ತುವನ್ನು ಬೆರೆಸಿಯೇ ಡೀಸೆಲ್ ಮಾರುಕಟ್ಟೆಗೆ ಬರುತ್ತದೆ, ಇಂತಿಷ್ಟು ಇರಲೇಬೇಕೆಂಬ ಮಾನದಂಡವೂ ಇದೆ. 2ಟಿ ಆಯಿಲ್ ಎರಡು ಸ್ಟ್ರೋಕ್ ಪೆಟ್ರೋಲ್ ಇಂಜಿನ್‌ಗಾಗಿ ಮಾಡಿದ್ದು. ಸವೆದ ಉಕ್ಕನ್ನು ಅದು ತುಂಬಿಕೊಡುವುದಿಲ್ಲ. ಸೀಮೆಎಣ್ಣೆ ಬೆರೆಸುವ ಹಳೆಯ ಅಭ್ಯಾಸ ಇನ್ನೂ ಅಪಾಯಕಾರಿ, ಅದು ಡೀಸೆಲ್ಲನ್ನು ಮತ್ತಷ್ಟು ತೆಳುವಾಗಿಸಿ ಪಂಪನ್ನು ಒಣಗಿಸುತ್ತದೆ. ಬಾಟಲಿಯಲ್ಲಿ ಸಿಗುವ ಇಂಜೆಕ್ಟರ್ ಕ್ಲೀನರ್ ನಾಜಲ್ ತುದಿಯ ತೆಳು ಮಸಿಯನ್ನು ಕರಗಿಸಬಹುದು, ಅದಕ್ಕಿಂತ ಹೆಚ್ಚಿನ ಕೆಲಸ ಅದರಿಂದಾಗದು.

ಈಗ ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದಿರುವುದನ್ನು ನೋಡೋಣ. ನನಗೆ ದಾರಿ ತೋರಿಸುವ ಲಕ್ಷಣ ಅದೇ. ಸೆಲ್ಫ್ ಹೊಡೆಯುವಾಗ ಇಂಜಿನ್ ತಿರುಗುವುದು ನಿಮಿಷಕ್ಕೆ ಸುಮಾರು 200ರಿಂದ 250 ಸುತ್ತು. ಆ ನಿಧಾನದಲ್ಲಿ ಪಂಪ್ ಕಳಿಸುವ ಡೀಸೆಲ್ ಬಹಳ ಕಡಿಮೆ. ರೈಲ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಬಾರ್ ಆಗುವವರೆಗೆ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ತೆರೆಯುವುದೇ ಇಲ್ಲ. ಪ್ರತಿ ಇಂಜೆಕ್ಟರ್‌ನಿಂದ ಒಂದಿಷ್ಟು ಡೀಸೆಲ್ ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುವುದು ಸಹಜ. ಒಳಗಿನ ವಾಲ್ವ್ ಸವೆದರೆ ಈ ಸೋರಿಕೆ ಹೆಚ್ಚುತ್ತದೆ. ತೂತು ಬಿದ್ದ ಕೊಡಕ್ಕೆ ನೀರು ತುಂಬಿಸಿದಂತೆ ಇದು: ಧಾರೆ ಜೋರಾಗಿದ್ದರೆ ತುಂಬುತ್ತದೆ, ಸಣ್ಣದಾದರೆ ಎಷ್ಟು ಹೊತ್ತು ಹಿಡಿದರೂ ತುಂಬದು. ಬೆಳಿಗ್ಗೆ ಡೀಸೆಲ್ ಗಟ್ಟಿಯಾಗಿರುತ್ತದೆ, ಆ ಸಂದಿನಲ್ಲಿ ಅಷ್ಟಾಗಿ ನುಸುಳುವುದಿಲ್ಲ. 42 ಡಿಗ್ರಿ ಬಿಸಿಲಿನಲ್ಲಿ ಓಡಿ ಬಂದು ನಿಂತ ಕಾರಿನಲ್ಲಿ ಅದೇ ಡೀಸೆಲ್ ನೀರಿನಂತೆ ತೆಳುವಾಗಿ ಹಿಂದಕ್ಕೆ ಹರಿದುಬಿಡುತ್ತದೆ. ಅರ್ಧ ಗಂಟೆ ಕಾದರೆ ಸ್ಟಾರ್ಟ್ ಆಗುವುದಕ್ಕೆ ಕಾರಣ ಇಷ್ಟೇ.

ಆದ್ದರಿಂದ ನನ್ನ ಮೊದಲ ಅನುಮಾನ ಇಂಜೆಕ್ಟರ್ ಸೋರಿಕೆಯ ಮೇಲೆ, ಎರಡನೆಯದು ಪಂಪ್ ಒಳಗಿನ ಸವೆತದ ಮೇಲೆ. ಇದೇ ಲಕ್ಷಣವನ್ನು ತೋರಿಸುವ ಇನ್ನೊಂದು ಕಳ್ಳ ಇದೆ. ಇಂಜಿನ್ ತಿರುಗುವುದನ್ನು ಕಂಪ್ಯೂಟರ್‌ಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಸಹ ಬಿಸಿಯಾದಾಗ ಸತ್ತು, ತಣ್ಣಗಾದಾಗ ಬದುಕುತ್ತದೆ. ಅದರ ಬೆಲೆ ಒಂದು ಇಂಜೆಕ್ಟರ್‌ನ ಸಣ್ಣ ಪಾಲು.

ಇವುಗಳಲ್ಲಿ ಯಾವುದು ಎಂದು ತಿಳಿಯಲು ಕಾರು ಕೈಕೊಟ್ಟ ಜಾಗದಲ್ಲೇ, ಬಿಸಿಯಾಗಿರುವಾಗಲೇ ನೋಡಬೇಕು. ಸಂಜೆ ಕಾರು ಬಿಟ್ಟು ಹೋಗಿ ಬೆಳಿಗ್ಗೆ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೊಬೈಲ್‌ಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಸಹ ಬಹಳಷ್ಟು ಕಾರುಗಳಲ್ಲಿ ರೈಲ್ ಒತ್ತಡ ತೋರಿಸುತ್ತದೆ. ಮೊದಲು ಇಂಜಿನ್ ಆಫ್ ಆಗಿ ಕೆಲ ಹೊತ್ತಾದ ಮೇಲೆ ಕೀ ಮಾತ್ರ ಆನ್ ಮಾಡಿ ಓದಿಕೊಳ್ಳಿ. ಒತ್ತಡ ಸೊನ್ನೆಯ ಹತ್ತಿರ ಇರಬೇಕು. ನಿಂತ ಇಂಜಿನ್‌ನಲ್ಲಿ 80 ಬಾರ್ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರು ಸುಳ್ಳು ಹೇಳುತ್ತಿದೆ, ಪಂಪ್ ಮುಟ್ಟುವ ಅಗತ್ಯವೇ ಇಲ್ಲ. ತೊಗರಿ ರಾಶಿಯ ದಿನಗಳಲ್ಲಿ ಹೊಲದ ಮನೆಯಲ್ಲಿ ನಿಂತ ಕಾರುಗಳ ವೈರನ್ನು ಇಲಿ ಕಡಿಯುವುದು ನಮಗೆ ಪ್ರತಿವರ್ಷದ ಕೆಲಸ. ಆಮೇಲೆ ಸೆಲ್ಫ್ ಹೊಡೆಯುತ್ತ ಎರಡು ಅಂಕಿ ನೋಡಿ. ಇಂಜಿನ್ ತಿರುಗುತ್ತಿದ್ದರೂ ಸುತ್ತಿನ ಅಂಕಿ ಸೊನ್ನೆಯಲ್ಲೇ ನಿಂತರೆ ಕ್ರ್ಯಾಂಕ್ ಸೆನ್ಸರ್ ಕಡೆ ಹೋಗಿ. ಸುತ್ತು 200 ದಾಟಿ, ಒತ್ತಡ ಮಾತ್ರ 90, 100ರಲ್ಲಿ ಒದ್ದಾಡುತ್ತಿದ್ದರೆ ಡೀಸೆಲ್ ಎಲ್ಲಿಯೋ ಸೋರುತ್ತಿದೆ ಅಥವಾ ಬರುತ್ತಲೇ ಇಲ್ಲ. ಸ್ಕ್ಯಾನರ್ ಇಲ್ಲದಿದ್ದರೆ ಸೈಲೆನ್ಸರ್ ಹಿಂದೆ ಒಬ್ಬರನ್ನು ನಿಲ್ಲಿಸಿ. ಸೆಲ್ಫ್ ಹೊಡೆಯುವಾಗ ಹೊಗೆಯ ಸುಳಿವೂ ಇಲ್ಲದಿದ್ದರೆ ಇಂಜೆಕ್ಟರ್ ತೆರೆಯುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗಿಯೂ ಉರಿಯುತ್ತಿಲ್ಲ, ಆಗ ಹುಡುಕುವ ದಾರಿಯೇ ಬೇರೆ.

ಇನ್ನು ಡ್ರಮ್. ಶೆಡ್ಡಿನ ಮೂಲೆಯಲ್ಲಿ ತಗಡಿನ ಕೆಳಗೆ ಅರ್ಧ ತುಂಬಿ ನಿಂತ ಡ್ರಮ್ಮಿನಲ್ಲಿ ಹಗಲಿನ ಕಾವು ಇಳಿದ ಮೇಲೆ ಒಳಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಆ ನೀರು ತಳಕ್ಕಿಳಿಯುತ್ತದೆ, ತಳದ ತಗಡು ತುಕ್ಕು ಹಿಡಿಯುತ್ತದೆ, ಪೈಪ್ ಹಾಕಿ ಎಳೆದಾಗ ನೀರು ತುಕ್ಕು ಎರಡೂ ಬರುತ್ತವೆ. ಹಳೆಯ ಟ್ರ್ಯಾಕ್ಟರ್ ಇದನ್ನು ಒಂದು ಮಟ್ಟಕ್ಕೆ ಸಹಿಸಿಕೊಂಡೀತು. ನಿಮ್ಮ ಕಾರಿನ ಇಂಜೆಕ್ಟರ್ ಒಳಗಿನ ಸಂದುಗಳನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತಾರೆ, ತಲೆಗೂದಲಿನ ದಪ್ಪದ ಸಣ್ಣ ಪಾಲು ಅದು. ಅಲ್ಲಿ ಕಣ್ಣಿಗೆ ಕಾಣದ ತುಕ್ಕಿನ ಪುಡಿಯೂ ಅರದಂತೆ ಉಜ್ಜುತ್ತದೆ.

ಹಾಗಾಗಿ ಗ್ಯಾರೇಜಿಗೆ ಹೋದ ಮೇಲೆ ಬೇರೆ ಏನನ್ನೂ ಬಿಚ್ಚುವ ಮೊದಲು ಹೀಗೆ ಮಾಡಿಸಿ. ಡೀಸೆಲ್ ಫಿಲ್ಟರ್‌ನ ತಳದಲ್ಲಿರುವ ತಿರುಪು ಸಡಿಲಿಸಿ ಒಂದು ಲೋಟದಷ್ಟು ಡೀಸೆಲ್ಲನ್ನು ಸ್ವಚ್ಛವಾದ ಗಾಜಿನ ಬಾಟಲಿಗೆ ಇಳಿಸಿಕೊಳ್ಳಿ. ಹದಿನೈದು ನಿಮಿಷ ಅಲುಗಾಡಿಸದೆ ಇಟ್ಟು ಬಿಸಿಲಿಗೆ ಹಿಡಿದು ನೋಡಿ. ತಳದಲ್ಲಿ ಬೇರೆಯಾಗಿ ನಿಂತ ತಿಳಿ ಪದರ ಕಂಡರೆ ಅದು ನೀರು. ಕಂದು ಗಸಿ ಕಂಡರೆ ತುಕ್ಕು. ಇವೆರಡೂ ಕೆಟ್ಟ ಸುದ್ದಿ, ಆದರೆ ತಾಳಿಕೊಳ್ಳಬಹುದಾದ ಸುದ್ದಿ. ಅದೇ ಡೀಸೆಲ್ಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಬಿಸಿಲಿನಲ್ಲಿ ಓರೆಯಾಗಿ ಹಿಡಿಯಿರಿ. ಬೆಳ್ಳಿಯ ಪುಡಿಯಂತೆ ಮಿನುಗುವ ಕಣಗಳು ಕಂಡರೆ ಪಂಪ್ ತನ್ನನ್ನು ತಾನೇ ಅರೆದುಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು. ಆ ಲೋಹದ ಪುಡಿ ರೈಲ್, ಇಂಜೆಕ್ಟರ್, ರಿಟರ್ನ್ ಪೈಪ್, ಟ್ಯಾಂಕ್ ಎಲ್ಲ ಕಡೆಗೂ ಹೋಗಿರುತ್ತದೆ. ಆಗ ಇಂಜೆಕ್ಟರ್ ಮಾತ್ರ ಬದಲಿಸಿದರೆ ಹೊಸದೂ ಕೆಲವೇ ವಾರಗಳಲ್ಲಿ ಕೆಡುತ್ತದೆ. ಯಾದಗಿರಿ ಕಡೆಯ ಒಂದು ಜೀಪಿಗೆ ನಾನೇ ಈ ತಪ್ಪು ಮಾಡಿದ್ದೇನೆ. ಅವಸರದಲ್ಲಿ ಟ್ಯಾಂಕ್ ಇಳಿಸದೆ ಇಂಜೆಕ್ಟರ್ ಹಾಕಿ ಕಳಿಸಿದೆ, ಮೂರನೆಯ ವಾರಕ್ಕೆ ಮರಳಿ ಬಂತು. ಆ ಖರ್ಚು ನಾನು ಭರಿಸಿದೆ. ಅಂದಿನಿಂದ ಬಾಟಲಿ ನೋಡದೆ ಸ್ಪ್ಯಾನರ್ ಹಿಡಿಯುವುದಿಲ್ಲ.

ಲೋಹದ ಪುಡಿ ಇಲ್ಲದಿದ್ದರೆ ಅಗ್ಗದ ಕಡೆಯಿಂದ ಬನ್ನಿ. ಡೀಸೆಲ್ ಫಿಲ್ಟರ್ ಬದಲಿಸಿ, ಅದರ ರಬ್ಬರ್ ಉಂಗುರಗಳನ್ನೂ ಬದಲಿಸಿ. ಫಿಲ್ಟರ್‌ನಿಂದ ಪಂಪಿಗೆ ಹೋಗುವ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಜೋಡಿಸಿ ಇಂಜಿನ್ ಓಡಿಸಿದರೆ ಗುಳ್ಳೆಗಳು ಹೋಗುತ್ತಿವೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಗುಳ್ಳೆ ಇದ್ದರೆ ಎಲ್ಲಿಯೋ ಗಾಳಿ ಎಳೆದುಕೊಳ್ಳುತ್ತಿದೆ, ಹೆಚ್ಚಾಗಿ ಬಿರುಕು ಬಿಟ್ಟ ಪ್ಲಾಸ್ಟಿಕ್ ಕನೆಕ್ಟರ್‌ನಲ್ಲಿ. ಟ್ಯಾಂಕ್ ಇಳಿಸಿ ತಳದ ಜಾಲರಿ ತೊಳೆಸಿ. ಏರಿನಲ್ಲಿ ಪಿಕಪ್ ಹೋಗುವ ತೊಂದರೆ ಇಷ್ಟಕ್ಕೇ ನಿಂತುಹೋಗುವ ಸಾಧ್ಯತೆ ಇದೆ. ಬಿಸಿ ಸ್ಟಾರ್ಟ್‌ನ ತೊಂದರೆ ಮಾತ್ರ ಇದರಿಂದ ಹೋಗುವುದು ಅಪರೂಪ.

ಅದಕ್ಕೆ ರಿಟರ್ನ್ ಪರೀಕ್ಷೆ ಬೇಕು. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ತೆಗೆದು ಸಲೈನ್ ಪೈಪಿನಂಥ ಸಣ್ಣ ಪೈಪ್‌ಗಳನ್ನು ಜೋಡಿಸಿ, ನಾಲ್ಕು ಒಂದೇ ಅಳತೆಯ ಬಾಟಲಿಗಳಿಗೆ ಇಳಿಬಿಡುತ್ತೇವೆ. ಇಂಜಿನ್ ಬಿಸಿಯಾಗಿರುವಾಗ ಎರಡು ನಿಮಿಷ ಐಡಲ್‌ನಲ್ಲಿ, ಆಮೇಲೆ ಸ್ವಲ್ಪ ಹೊತ್ತು 2,500 ಸುತ್ತಿನಲ್ಲಿ ಓಡಿಸುತ್ತೇವೆ. ಮೂರು ಬಾಟಲಿಯಲ್ಲಿ ಒಂದು ಬೆರಳು ಡೀಸೆಲ್, ಒಂದರಲ್ಲಿ ಮೂರು ಬೆರಳು ಬಂದರೆ ಯಾವ ಇಂಜೆಕ್ಟರ್ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಾಲ್ಕೂ ಸಮನಾಗಿ ಕಡಿಮೆಯೇ ಇದ್ದು, ಒತ್ತಡ ಆಗಲೂ ಏರದಿದ್ದರೆ ಪಂಪ್, ಅದರ ಮೇಲಿನ ಡೀಸೆಲ್ ಅಳೆಯುವ ವಾಲ್ವ್ ಅಥವಾ ರೈಲ್ ಮೇಲಿನ ಒತ್ತಡದ ವಾಲ್ವ್ ಎಂದು ಅರ್ಥ. ಅಲ್ಲಿಯೂ ವಾಲ್ವ್ ಮೊದಲು, ಪಂಪ್ ಕೊನೆಗೆ. ಈ ಪರೀಕ್ಷೆಗೆ ಒಂದು ಗಂಟೆ ಸಾಕು. ಪಂಪ್ ಬದಲಿಸಬೇಕು ಎಂದ ಮೆಕ್ಯಾನಿಕ್‌ಗೆ ಈ ಬಾಟಲಿಗಳನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು, ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಹಳೆಯ ಡೀಸೆಲ್ ಇಂಜಿನ್ನಿನಲ್ಲಿ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು ನೋಡಲು ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುತ್ತಿದ್ದೆವು. ಕಾಮನ್ ರೈಲ್‌ನಲ್ಲಿ ಅದನ್ನು ಯಾರೂ ಮಾಡಬಾರದು, ಮಾಡಲು ಬಿಡಬಾರದು. ಸೋರುವ ಜಾಗವನ್ನು ಬೆರಳಿಟ್ಟು ಹುಡುಕಲೂಬಾರದು. ಅಷ್ಟು ಒತ್ತಡದಲ್ಲಿ ಹೊರಬರುವ ಕಾಣದಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಜಾಲಿ ಮುಳ್ಳು ಚುಚ್ಚಿದಂತೆ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ, ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಹಾಗೇನಾದರೂ ಆದರೆ ತೊಳೆದು ಸುಮ್ಮನಾಗದೆ ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು, ಡೀಸೆಲ್ ಒಳಹೋಗಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು.

ಒಂದು ಅಥವಾ ಎರಡು ಇಂಜೆಕ್ಟರ್ ಸೋರುತ್ತಿವೆ ಎಂದು ಖಚಿತವಾದರೆ ದಾರಿಗಳು ಹಲವು. ಹೊಸದು ಹಾಕಿಸುವುದು ನಿಶ್ಚಿಂತೆಯ ದಾರಿ, ದುಬಾರಿಯೂ ಹೌದು. ನಿಮ್ಮ ಕಾರಿನ ವಯಸ್ಸಿಗೆ ನಾನು ಸೂಚಿಸುವುದು ಇಂಜೆಕ್ಟರ್ ಪರೀಕ್ಷಿಸುವ ಒಳ್ಳೆಯ ಬೆಂಚ್ ಇರುವ ಡೀಸೆಲ್ ಅಂಗಡಿಯಲ್ಲಿ ರಿಪೇರಿ ಮಾಡಿಸುವುದನ್ನು. ನಾಜಲ್ ಮತ್ತು ವಾಲ್ವ್ ಬದಲಿಸಿ ಬೆಂಚಿನ ಮೇಲೆ ಓಡಿಸಿ ಕೊಡುತ್ತಾರೆ. ರಿಪೇರಿಗೆ ಮೊದಲಿನ ಮತ್ತು ನಂತರದ ಅಂಕಿಗಳ ಚೀಟಿ ಕೇಳಿ. ಚೀಟಿ ಕೊಡದವರ ಹತ್ತಿರ ಕೊಡಬೇಡಿ, ಏಕೆಂದರೆ ತೊಳೆದು ಬಣ್ಣ ಹಾಕಿದ ಇಂಜೆಕ್ಟರ್ ಸಹ ಹೊಸದರಂತೆಯೇ ಹೊಳೆಯುತ್ತದೆ. ಮರಳಿ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಆಗಬೇಕು. ಹಳೆಯದನ್ನೇ ಹಾಕಿದರೆ ಸಿಲಿಂಡರಿನ ಬಿಸಿ ಅನಿಲ ಬುಡದಿಂದ ಹೊರನುಗ್ಗಿ ಇಂಜೆಕ್ಟರ್ ಸುತ್ತ ಡಾಂಬರಿನಂತೆ ಗಟ್ಟಿಯಾಗುತ್ತದೆ, ಮುಂದಿನ ಸಲ ಇಂಜೆಕ್ಟರ್ ಹೊರಗೇ ಬರುವುದಿಲ್ಲ. ಹಾಗೆ ಹಿಡಿದುಕೊಂಡ ಇಂಜೆಕ್ಟರ್ ತೆಗೆಯುವಾಗ ಮುರಿದು ಹೆಡ್ ಇಳಿಸಬೇಕಾದ ಸಂದರ್ಭಗಳೂ ಇವೆ, ಆ ಸಾಧ್ಯತೆಯನ್ನು ಮೊದಲೇ ಮಾತಾಡಿಕೊಳ್ಳಿ. ಬಹಳಷ್ಟು ಕಾರುಗಳಲ್ಲಿ ಪ್ರತಿ ಇಂಜೆಕ್ಟರ್ ಮೇಲೆ ಕೆತ್ತಿದ ಸಂಖ್ಯೆಯನ್ನು ಕಂಪ್ಯೂಟರ್‌ಗೆ ಬರೆಸಬೇಕಾಗುತ್ತದೆ. ಬರೆಸದಿದ್ದರೆ ಹೊಸ ಇಂಜೆಕ್ಟರ್ ಹಾಕಿಯೂ ಇಂಜಿನ್ ನಡುಗುತ್ತದೆ. ಗುಜರಿಯಿಂದ ತಂದು ಹಾಕುವವರಿದ್ದಾರೆ. ಬೆಂಚಿನ ಮೇಲೆ ಓಡಿಸಿ ನೋಡದೆ ಅದನ್ನು ಹಾಕಿಸಿದರೆ ಯಾರದೋ ರೋಗವನ್ನು ದುಡ್ಡು ಕೊಟ್ಟು ತಂದಂತೆ.

ಸದ್ಯಕ್ಕೆ ಹೀಗೆಯೇ ಓಡಿಸಬಹುದೇ ಎಂದು ನೀವು ಕೇಳಿಲ್ಲ, ಆದರೆ ಓಡಿಸುತ್ತಿದ್ದೀರಿ. ವಾರಕ್ಕೊಮ್ಮೆ ಬೆಳಿಗ್ಗೆ ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ ಕಾರನ್ನು ಅಲ್ಲಿಯೇ ನಿಲ್ಲಿಸಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಇಂಜೆಕ್ಟರ್ ತುದಿಯೇ ತೊಟ್ಟಿಕ್ಕುತ್ತಿದ್ದು ಡೀಸೆಲ್ ಆಯಿಲ್‌ಗೆ ಸೇರುತ್ತಿದೆ ಎಂದರ್ಥ. ಅದು ಪಿಸ್ಟನ್ ತಲೆಗೆ ತೂತು ಕೊರೆಯಬಲ್ಲದು. ಟರ್ಬೊದ ದಂಡ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ತೆಳುವಾದ ಆಯಿಲ್ ಪದರದ ಮೇಲೆ. ಆ ಆಯಿಲ್ ಡೀಸೆಲ್ ಬೆರೆತು ನೀರಾದರೆ, ಇಂದು ಸರಿಯಿರುವ ನಿಮ್ಮ ಟರ್ಬೊ ನಾಳೆ ನಿಜವಾಗಿಯೂ ಹೋಗುತ್ತದೆ. ಇನ್ನು, ಏರಿನಲ್ಲಿ ಲಾರಿ ಹಿಂದೆ ಹಾಕುವುದನ್ನು ರಿಪೇರಿಯಾಗುವವರೆಗೆ ಬಿಟ್ಟುಬಿಡಿ. ಎದುರಿಗೆ ಬಸ್ ಬರುತ್ತಿರುವಾಗ ಪಿಕಪ್ ಹೋದರೆ ಕೀ ಆಫ್ ಮಾಡಿ ಆನ್ ಮಾಡುವಷ್ಟು ಸಮಯ ಇರುವುದಿಲ್ಲ.

ಮಾರುವ ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಪರೀಕ್ಷೆಗೆ ಒಡ್ಡಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಿಮ್ಮದು 2012ರದ್ದಾದ್ದರಿಂದ ಆ ಲೆಕ್ಕವನ್ನೂ ಇಟ್ಟುಕೊಳ್ಳಿ. ಬಾಟಲಿಯಲ್ಲಿ ಲೋಹದ ಪುಡಿ ಕಂಡು, ಪಂಪ್‌ನಿಂದ ಟ್ಯಾಂಕ್‌ವರೆಗೆ ಎಲ್ಲವೂ ಬೇಕಾದರೆ, ಕಾರಿನ ಇಂದಿನ ಬೆಲೆಯ ಜೊತೆ ಹೋಲಿಸಿ ನೋಡಿ. ಆ ಸಂದರ್ಭದಲ್ಲಿ, ಇರುವ ದೋಷವನ್ನು ಕೊಳ್ಳುವವರಿಗೆ ಮುಚ್ಚಿಡದೆ ಹೇಳಿ ಮಾರುವುದರಲ್ಲಿ ತಪ್ಪಿಲ್ಲ. ಒಂದೆರಡು ಇಂಜೆಕ್ಟರ್, ಫಿಲ್ಟರ್, ಟ್ಯಾಂಕ್ ತೊಳೆಯುವುದು ಇಷ್ಟಕ್ಕೇ ಮುಗಿದರೆ ಮಾರಬೇಡಿ. ಹೊಗೆಯಿಲ್ಲದೆ, ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಇಂಜಿನ್ನಿನ ಕಂಪ್ರೆಶನ್ ಗಟ್ಟಿಯಾಗಿಯೇ ಇದೆ. ನೀವು ಬರೆದದ್ದನ್ನು ಓದಿದರೆ ನನಗೆ ಈ ಎರಡನೆಯ ಸಾಧ್ಯತೆಯೇ ಹೆಚ್ಚು ಎನಿಸುತ್ತದೆ.

ಡ್ರಮ್ಮಿನ ಡೀಸೆಲ್ ಕಾರಿಗೆ ಹಾಕುವುದನ್ನು ಇಂದೇ ನಿಲ್ಲಿಸಿ. ಟ್ರ್ಯಾಕ್ಟರ್‌ಗಾದರೂ ಡ್ರಮ್ಮನ್ನು ಒಂದು ಕಡೆಗೆ ತುಸು ಓರೆಯಾಗಿ ನಿಲ್ಲಿಸಿ, ಎತ್ತರದ ಕಡೆಯಿಂದ, ತಳಕ್ಕೆ ಒಂದು ಗೇಣು ಮೇಲೆಯೇ ಪೈಪ್ ಇರುವಂತೆ ಎಳೆಯಿರಿ. ತಳದಲ್ಲಿ ಉಳಿದದ್ದನ್ನು ವರ್ಷಕ್ಕೆರಡು ಸಲ, ಮುಂಗಾರಿಗೆ ಮೊದಲು ಒಮ್ಮೆ, ರಾಶಿಗೆ ಮೊದಲು ಒಮ್ಮೆ, ಬೇರೆ ಡಬ್ಬಿಗೆ ಪೂರ್ತಿ ಹೊರಗೆ ತೆಗೆಯಿರಿ.